ದೊಡ್ಡ ಗಾಡಿಗೆ ಹದಿನೈದು ತುಂಬಿದ ವರ್ಷ

2025ರ ಸೆಪ್ಟೆಂಬರ್ 22, ಸೋಮವಾರ. ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೇಲೆ ಲೇಖಕಿ ಬಾನು ಮುಷ್ತಾಕ್ ದಸರಾ ಉದ್ಘಾಟಿಸಿದರು. ಅದೇ ದಿನ ದೇಶದಲ್ಲಿ ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದವು. ಆ ವಾರ ಮೈಸೂರಿನ ಮನೆಗಳಲ್ಲಿ ಹಬ್ಬದ ಮಾತಿನ ಜೊತೆಗೇ ಕಾರಿನ ಬೆಲೆಯ ಮಾತೂ ನಡೆಯಿತು. ದೊಡ್ಡ ಡೀಸೆಲ್ ಎಸ್‌ಯುವಿಗಳಿಗೆ ಅಲ್ಲಿಯವರೆಗೆ ಶೇ 28 ಜಿಎಸ್‌ಟಿ, ಅದರ ಮೇಲೆ ಶೇ 22 ಸೆಸ್, ಒಟ್ಟು ಶೇ 50 ತೆರಿಗೆ ಬೀಳುತ್ತಿತ್ತು. ಅಂದಿನಿಂದ ಅದು ಶೇ 40ಕ್ಕೆ ಇಳಿಯಿತು. ಟೊಯೋಟ ಫಾರ್ಚೂನರ್ ಬೆಲೆ 3 ಲಕ್ಷ 49 ಸಾವಿರ ರೂಪಾಯಿವರೆಗೆ ಕಡಿಮೆಯಾಯಿತು.

ಸರಸ್ವತಿಪುರಂನ ಮಕ್ಕಳ ಡಾಕ್ಟರೊಬ್ಬರ ಮನೆಗೆ ಬೆಂಗಳೂರಿನಿಂದ ಮಗನ ಫೋನು ಬಂದದ್ದು ಆ ಸಂಜೆಯೇ. ‘ಅಪ್ಪಾ, ಈಗ ಬದಲಾಯಿಸದಿದ್ದರೆ ಇನ್ಯಾವಾಗ? ನವೆಂಬರ್‌ಗೆ ಗಾಡಿಗೆ ಹದಿನೈದು ವರ್ಷ ತುಂಬತ್ತೆ, ಆರ್‌ಸಿ ಮುಗಿಯತ್ತೆ. ಆಯುಧ ಪೂಜೆಗೆ ಹೊಸ ಗಾಡಿ ಬರಲಿ.’

ಮನೆಯಲ್ಲಿ ಅದಕ್ಕೆ ‘ದೊಡ್ಡ ಗಾಡಿ’ ಎಂದೇ ಹೆಸರು. 2010ರ ನವೆಂಬರ್‌ನಲ್ಲಿ ಕೊಂಡ ಬಿಳಿ ಬಣ್ಣದ ಮೊದಲ ತಲೆಮಾರಿನ ಫಾರ್ಚೂನರ್. ಮೂರು ಲೀಟರ್ ಡೀಸೆಲ್ ಎಂಜಿನ್, ಐದು ಗೇರು, ನಾಲ್ಕೂ ಚಕ್ರಕ್ಕೆ ಯಾವಾಗಲೂ ಎಳೆತ. ಡಾಕ್ಟರಿಗೆ ಈಗ ಅರವತ್ತು ದಾಟಿದೆ. ಗಾಡಿ ಇಟ್ಟುಕೊಳ್ಳುವುದೋ ಕೊಡುವುದೋ ಎಂದು ಆ ಮನೆಯಲ್ಲಿ ನಡೆದ ಮಾತುಕತೆಯಲ್ಲಿ ಹದಿನೈದು ವರ್ಷದ ಸಂಸಾರವೆಲ್ಲ ಒಂದು ಸಲ ಹೊರಗೆ ಬಂತು.

ಈ ಗಾಡಿಯನ್ನು ಕೊಂಡಾಗ ಅದು ಆ ಮನೆಯ ಮಟ್ಟಿಗೆ ದೊಡ್ಡ ಸಾಹಸವೇ. 2009ರ ಆಗಸ್ಟ್‌ನಲ್ಲಿ ಫಾರ್ಚೂನರ್ ಭಾರತಕ್ಕೆ ಬಂದಾಗ ಷೋರೂಂ ಬೆಲೆ ಹದಿನೆಂಟೂವರೆ ಲಕ್ಷದ ಹತ್ತಿರ ಇತ್ತು. ಬುಕ್ ಮಾಡಿದವರು ತಿಂಗಳುಗಟ್ಟಲೆ ಕಾಯುತ್ತಿದ್ದರು. ಡಾಕ್ಟರ ಹೆಂಡತಿಯ ತವರು ಸೋಮವಾರಪೇಟೆಯ ಕಡೆ. ಮಳೆಗಾಲದಲ್ಲಿ ತೋಟದ ಮನೆಗೆ ಹೋಗುವ ಕೊನೆಯ ಒಂದೆರಡು ಮೈಲಿ ಕೆಸರಲ್ಲಿ ಆಗ ಅವರಲ್ಲಿದ್ದ ಸಣ್ಣ ಕಾರು ಪ್ರತಿ ವರ್ಷ ಸಿಕ್ಕಿಕೊಳ್ಳುತ್ತಿತ್ತು. ವಯಸ್ಸಾದ ಮಾವನನ್ನು ಮೈಸೂರಿನ ಆಸ್ಪತ್ರೆಗೆ ಕರೆತರಬೇಕಾದ ದಿನಗಳು ಹೆಚ್ಚುತ್ತಿದ್ದವು. ಬೇಕಾದದ್ದು ಏಳು ಜನ ಕೂರುವ, ಕೆಸರಿಗೆ ಹೆದರದ, ಕೂತವರ ಬೆನ್ನು ನೋಯದ ಗಾಡಿ.

ಇನ್ನೊಂದು ಕಾರಣವನ್ನು ಡಾಕ್ಟರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಗಾಡಿ ತಯಾರಾದದ್ದು ಬಿಡದಿಯಲ್ಲಿ. 1997ರಲ್ಲಿ ಶುರುವಾದ ಟೊಯೋಟ ಕಿರ್ಲೋಸ್ಕರ್ ಕಂಪನಿಯ ಕಾರ್ಖಾನೆ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದಲ್ಲೇ ಇದೆ. 2000ದ ಹೊತ್ತಿಗೆ ಕ್ವಾಲಿಸ್, 2005ರಲ್ಲಿ ಇನ್ನೋವಾ, ಆಮೇಲೆ ಫಾರ್ಚೂನರ್ ಅಲ್ಲಿಂದಲೇ ಹೊರಬಂದವು. ಹಳೆಯ ಮೈಸೂರು ರಸ್ತೆಯಲ್ಲಿ ಓಡಾಡಿದವರು ಹೊಸ ಗಾಡಿಗಳನ್ನು ಹೊತ್ತ ಉದ್ದದ ಲಾರಿಗಳನ್ನು ಕಾಣದೆ ಊರು ಸೇರುತ್ತಿರಲಿಲ್ಲ. ಈಗ 118 ಕಿ.ಮೀ. ದಶಪಥ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನೆಲ್ಲ ಬಳಸಿಕೊಂಡು ಹೋಗುತ್ತದೆ. 2023ರ ಮಾರ್ಚ್ 12ರಂದು ಅದು ಉದ್ಘಾಟನೆಯಾದ ಮೇಲೆ ಬಿಡದಿಯ ತಟ್ಟೆ ಇಡ್ಲಿಗೆ ಬೇಕೆಂದೇ ಕೆಳಗಿಳಿದು ಹೋಗಬೇಕು.

ಬಿಳಿ ಫಾರ್ಚೂನರ್ ಎಂದರೆ ಕರ್ನಾಟಕದಲ್ಲಿ ಶಾಸಕರ ಗಾಡಿ, ಗುತ್ತಿಗೆದಾರರ ಗಾಡಿ ಎಂಬ ಮಾತಿದೆ. ಹಳ್ಳಿಯ ಜಾತ್ರೆಯಲ್ಲಿ ಜನ ದಾರಿ ಬಿಟ್ಟು ನಿಲ್ಲುವಾಗ ಡಾಕ್ಟರ ಹೆಂಡತಿಗೆ ಮುಜುಗರ. ಅವರು ಕಿಟಕಿ ಇಳಿಸಿ, ‘ನಾವು ಯಾರೂ ಅಲ್ಲ, ನೀವು ಹೋಗಿಪ್ಪಾ’ ಎನ್ನುತ್ತಿದ್ದರು. ಆ ಗಾಡಿಯ ಡಿಕ್ಕಿಯಲ್ಲಿ ಇರುತ್ತಿದ್ದದ್ದು ಬಾಳೆಗೊನೆ, ಕಾಫಿ ಬೀಜದ ಚೀಲ, ಮೊಮ್ಮಗುವಿನ ತೊಟ್ಟಿಲು.

2018ರ ಆಗಸ್ಟ್ ಆ ಗಾಡಿಯ ಜೊತೆ ಮನೆಯವರ ಸಂಬಂಧವನ್ನೇ ಬದಲಿಸಿತು. ಕೊಡಗಿನಲ್ಲಿ ಬೆಟ್ಟಗಳು ಕುಸಿದವು. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಎಂಬ ಹೆಸರುಗಳನ್ನು ರಾಜ್ಯವೆಲ್ಲ ಕೇಳಿತು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಮುಚ್ಚಿಹೋಯಿತು. ಮೈಸೂರಿನಿಂದ ಅಕ್ಕಿ, ಕಂಬಳಿ, ಬಟ್ಟೆ, ಔಷಧ ಹೊತ್ತ ವಾಹನಗಳು ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಸಾಲುಗಟ್ಟಿ ಹೋದವು. ಡಾಕ್ಟರು ಹಿಂದಿನ ಎರಡು ಸಾಲಿನ ಸೀಟು ಮಡಚಿ ಓಆರ್‌ಎಸ್ ಪೊಟ್ಟಣ, ಮಕ್ಕಳ ಜ್ವರದ ಸಿರಪ್ಪು, ನೆಬುಲೈಸರ್ ತುಂಬಿಕೊಂಡು ಹೊರಟರು. ಕುಶಾಲನಗರದಿಂದ ಸುಂಟಿಕೊಪ್ಪ, ಅಲ್ಲಿಂದ ಮಾದಾಪುರದ ಕಡೆ. ರಸ್ತೆಗೆ ಅಡ್ಡ ಬಿದ್ದ ಮಣ್ಣನ್ನು ಜೆಸಿಬಿ ಸರಿಸಿದ ಕಡೆ ಒಂದು ಗಾಡಿಯಷ್ಟೇ ಜಾಗ, ಕೆಳಗೆ ಕಂಪಿಸುವ ಕೆಸರು. ಲೋ ಗೇರಿಗೆ ಹಾಕಿ, ಕಾಲನ್ನು ಆಕ್ಸಿಲರೇಟರಿನ ಮೇಲೆ ಒಂದೇ ಸಮ ಇಟ್ಟು ದಾಟಿಸಿದರು. ಪರಿಹಾರ ಕೇಂದ್ರದಲ್ಲಿ ತೇವದ ಬಟ್ಟೆಯಲ್ಲಿ ಎರಡು ದಿನ ಕಳೆದ ಮಕ್ಕಳ ಎದೆ ಗೊರಗೊರ ಎನ್ನುತ್ತಿತ್ತು. ವಾಪಸು ಬರುವಾಗ ಗಾಡಿಯಲ್ಲಿ ಬಾಣಂತಿಯೊಬ್ಬರು, ಅವರ ಅತ್ತೆ, ಎರಡು ಮಕ್ಕಳು ಇದ್ದರು. ಅವರನ್ನು ಕುಶಾಲನಗರದ ನೆಂಟರ ಮನೆಗೆ ಮುಟ್ಟಿಸಿ ಡಾಕ್ಟರು ಮೈಸೂರು ಸೇರಿದಾಗ ಬೆಳಗಿನ ಜಾವ.

‘ಅವತ್ತಿಂದ ಅದನ್ನ ಮಾರೋ ಮಾತು ಆಡಿದ್ರೆ ನಂಗೆ ಹೊಟ್ಟೇಲಿ ಏನೋ ಆಗತ್ತೆ’ ಎಂದರು ಅವರ ಹೆಂಡತಿ. ಮಗ ಅದಕ್ಕೆ ಹೇಳಿದ್ದು ಸರಿಯೇ ಇತ್ತು: ‘ಅಮ್ಮ, ಕೃತಜ್ಞತೆ ಇರಲಿ. ಆದ್ರೆ ಮುಂದಿನ ಐದು ವರ್ಷ ಅದರಲ್ಲಿ ಕೂರೋರು ಯಾರು ಅಂತ ಯೋಚನೆ ಮಾಡು.’

ಡಾಕ್ಟರು ಮೊದಲು ಹೋದದ್ದು ಬನ್ನಿಮಂಟಪದ ಕಡೆಯ ಗ್ಯಾರೇಜಿಗೆ. ವಾರಂಟಿ ಮುಗಿದ ಮೇಲೆ ದೊಡ್ಡ ಗಾಡಿಯನ್ನು ನೋಡಿಕೊಂಡ ಮೇಸ್ತ್ರಿ ಅಲ್ಲಿದ್ದಾರೆ. ಎಲ್ಲರಿಗೂ ಅವರು ಭಾಯ್. ಬಾನೆಟ್ ತೆಗೆದು ನಿಂತರೆ ಭಾಯ್ ಮೊದಲು ಕೇಳುತ್ತಾರೆ, ಆಮೇಲೆ ಮುಟ್ಟುತ್ತಾರೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಎಂಜಿನ್ನಿನ ಸದ್ದನ್ನು ಒಂದೆರಡು ನಿಮಿಷ ಸುಮ್ಮನೆ ಆಲಿಸುವ ಅವರ ರೀತಿ, ಸ್ಟೆತಾಸ್ಕೋಪ್ ಇಟ್ಟು ಮಗುವಿನ ಎದೆ ಕೇಳುವ ಡಾಕ್ಟರ ರೀತಿಯೇ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವ ಬೆಳೆದದ್ದು ಬಹುಶಃ ಅದರಿಂದ.

ಭಾಯ್ ಹೇಳಿದ ಪಟ್ಟಿ ಉದ್ದ ಇತ್ತು, ಭಯದ್ದಾಗಿರಲಿಲ್ಲ. ಈ ಮೂರು ಲೀಟರ್ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ರಬ್ಬರಿನ ಟೈಮಿಂಗ್ ಬೆಲ್ಟು. 2016ರಲ್ಲಿ ಬಂದ ಎರಡನೇ ತಲೆಮಾರಿನ 2.8 ಲೀಟರ್ ಎಂಜಿನ್ನಿಗೆ ಚೈನು. ಬೆಲ್ಟನ್ನು ಹೇಳಿದ ಕಿಲೋಮೀಟರಿಗೆ ಬದಲಾಯಿಸಲೇಬೇಕು. ಓಡುವಾಗ ಕಿತ್ತರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ ಬಿಚ್ಚಬೇಕಾಗುತ್ತದೆ. ಇನ್ನೊಂದು, ಇಂಜೆಕ್ಟರುಗಳ ಕೆಳಗೆ ಕೂರುವ ತಾಮ್ರದ ವಾಷರ್. ನೋಡಿದರೆ ಹಳೆಯ ಹತ್ತು ಪೈಸೆ ನಾಣ್ಯಕ್ಕಿಂತ ಚಿಕ್ಕದು. ಅದು ಸವೆದು ಸಂದು ಬಿಟ್ಟರೆ ಉರಿದ ಅನಿಲ ಒಳಗೆ ನುಗ್ಗಿ ಎಂಜಿನ್ ಆಯಿಲ್‌ನಲ್ಲಿ ಮಸಿ ಕಟ್ಟುತ್ತದೆ. ಆ ಮಸಿ ಸಂಪಿನ ತಳದ ಜಾಲರಿಯನ್ನು ಮುಚ್ಚಿದರೆ ಬೇರಿಂಗುಗಳಿಗೆ ಆಯಿಲ್ ಏರುವುದಿಲ್ಲ. ಆದ್ದರಿಂದ ವಾಷರ್ ಕೆಡುವವರೆಗೆ ಕಾಯದೆ ಬದಲಾಯಿಸುವುದು, ಆಯಿಲನ್ನು ಸಮಯಕ್ಕಿಂತ ಮುಂಚೆಯೇ ಬದಲಾಯಿಸುವುದು ಭಾಯ್ ಅವರ ಪದ್ಧತಿ. ‘ಡಾಕ್ಟ್ರೇ, ಲಸಿಕೆ ಯಾವಾಗ ಹಾಕ್ತೀರಾ? ಜ್ವರ ಬಂದ್ಮೇಲಾ?’ ಎಂದು ಅವರು ಕೇಳಿದ್ದರು.

ಬಿಡಿಭಾಗ ಸಿಗುತ್ತದೆಯೇ ಎನ್ನುವುದು ಹಳೆಯ ದುಬಾರಿ ಗಾಡಿ ಇಟ್ಟುಕೊಂಡವರೆಲ್ಲರ ದೊಡ್ಡ ಚಿಂತೆ. ಡಾಕ್ಟರ ಪರಿಚಯದ ಒಬ್ಬರ ಬಳಿ ಹೊರದೇಶದಿಂದ ಬಂದ ಎಸ್‌ಯುವಿ ಇತ್ತು. ಏರ್ ಸಸ್ಪೆನ್ಷನ್ನಿನ ಒಂದು ಬುಡ್ಡಿಗಾಗಿ ಅದು ಇಡೀ ಒಂದು ಮಳೆಗಾಲ ಷೆಡ್ಡಿನಲ್ಲಿ ನಿಂತಿತು. ದೊಡ್ಡ ಗಾಡಿಗೆ ಆ ಕಷ್ಟ ಬರಲಿಲ್ಲ, ಅದಕ್ಕೆ ಕಾರಣ ಇದೆ. ಫಾರ್ಚೂನರ್, ಇನ್ನೋವಾ, ಹೈಲಕ್ಸ್ ಮೂರೂ 2004ರಲ್ಲಿ ಥಾಯ್ಲೆಂಡಿನಲ್ಲಿ ಶುರುವಾದ ಒಂದೇ ಯೋಜನೆಯ ಕೂಸುಗಳು. ಹಳೆಯ ಇನ್ನೋವಾದ ಎರಡೂವರೆ ಲೀಟರ್ ಎಂಜಿನ್ನೂ ಇದರ ಮೂರು ಲೀಟರಿನದೂ ಒಂದೇ ವಂಶ. ಇನ್ನೋವಾ ಕರ್ನಾಟಕದ ಟ್ಯಾಕ್ಸಿ. ಅದು ರಸ್ತೆಯಲ್ಲಿ ಇರುವಷ್ಟು ದಿನ ಆ ಎಂಜಿನ್ ಬಲ್ಲ ಮೇಸ್ತ್ರಿಗಳೂ, ಬಿಡಿಭಾಗದ ಅಂಗಡಿಗಳೂ ಇರುತ್ತವೆ. ಕೆಳಗೆ ಲಾರಿಯಂತೆ ಗಟ್ಟಿ ಚಾಸಿ, ಅದರ ಮೇಲೆ ಕೂರಿಸಿದ ಬಾಡಿ. ಬುಷ್, ಶಾಕ್ ಅಬ್ಸಾರ್ಬರ್, ಬಾಲ್ ಜಾಯಿಂಟ್ ಎಲ್ಲವನ್ನೂ ಸಾಧಾರಣ ಗ್ಯಾರೇಜಿನಲ್ಲೇ ಬಿಚ್ಚಿ ಕೂರಿಸಬಹುದು. ಹಳೆಯ ಗಾಡಿ ಕೊಳ್ಳುವ ಯಾರೇ ಆಗಲಿ ಮೊದಲು ಇಂಥ ವಿಷಯವನ್ನು ವಿಚಾರಿಸಬೇಕು. ಚರ್ಮದ ಸೀಟು, ಸನ್‌ರೂಫ್ ಆಮೇಲೆ.

ಆದರೂ ಮನೆಯಲ್ಲಿ ಒಂದು ದಿಗಿಲು ಇತ್ತು: ಸರ್ಕಾರವೇ ಹಳೆಯ ಡೀಸೆಲ್ ಗಾಡಿ ಓಡಿಸಲು ಬಿಡದಿದ್ದರೆ? 2025ರ ಜುಲೈ ಒಂದರಿಂದ ದೆಹಲಿಯ ಬಂಕುಗಳಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳಿಗೆ ಇಂಧನ ಹಾಕುವುದಿಲ್ಲ ಎಂದಾಗ ಮೈಸೂರಿನಲ್ಲೂ ಜನ ಗಾಬರಿಯಾದರು. ಆ ಆದೇಶ ಕೆಲವೇ ದಿನಗಳಲ್ಲಿ ತಡೆಹಿಡಿಯಲ್ಪಟ್ಟಿತು. ಹಸಿರು ನ್ಯಾಯಮಂಡಳಿಯ 2015ರ ಆದೇಶ, ಅದನ್ನು ಅನುಸರಿಸಿದ ಸುಪ್ರೀಂ ಕೋರ್ಟಿನ 2018ರ ಆದೇಶ ಎರಡೂ ರಾಷ್ಟ್ರ ರಾಜಧಾನಿ ವಲಯಕ್ಕೆ ಸಂಬಂಧಿಸಿದವು. ಕರ್ನಾಟಕದಲ್ಲಿ ಹದಿನೈದು ತುಂಬಿದ ಸ್ವಂತದ ಗಾಡಿಯನ್ನು ತಪಾಸಣೆಗೆ ಒಪ್ಪಿಸಿ, ಶುಲ್ಕ ಕಟ್ಟಿ ಮತ್ತೆ ಐದು ವರ್ಷಕ್ಕೆ ನೋಂದಾಯಿಸಿಕೊಳ್ಳಬಹುದು. ಜನರ ಬಾಯಲ್ಲಿ ಇದೇ ‘ಎಫ್‌ಸಿ ಮಾಡಿಸೋದು’. 2022ರ ಏಪ್ರಿಲ್‌ನಿಂದ ಕಾರಿನ ಮರುನೋಂದಣಿ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದೆ. ಹಸಿರು ತೆರಿಗೆ ಬೇರೆ. 2025ರ ಆಗಸ್ಟ್‌ನಲ್ಲಿ ಬಂದ ಅಧಿಸೂಚನೆಯಂತೆ ಇಪ್ಪತ್ತು ವರ್ಷ ಮೀರಿದ ಕಾರಿಗೆ 10,000, ಆಮದಾದ ಕಾರಿಗೆ 80,000 ರೂಪಾಯಿ. ಬಿಡದಿಯಲ್ಲಿ ಹುಟ್ಟಿದ ಗಾಡಿ ಎನ್ನುವುದು ಇಲ್ಲೂ ಲೆಕ್ಕಕ್ಕೆ ಬರುತ್ತದೆ.

ಹೊಸದರ ಲೆಕ್ಕ ಹಾಕಿದ್ದು ಮಗ. ನಲವತ್ತು ಲಕ್ಷದ ಗಾಡಿ ಎಂದಿಟ್ಟುಕೊಂಡ. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ 18. ಅಂದರೆ ತೆರಿಗೆಯೇ 7 ಲಕ್ಷ 20 ಸಾವಿರ, ಅದರ ಮೇಲೆ ಸೆಸ್. ಜಿಎಸ್‌ಟಿಯಲ್ಲಿ ಉಳಿದ ಮೂರೂವರೆ ಲಕ್ಷದ ಎರಡರಷ್ಟು ಹಣ ನೋಂದಣಿಯ ದಿನವೇ ಹೋಗುತ್ತದೆ. ಮೂವತ್ತು ಲಕ್ಷ ಸಾಲವನ್ನು ಶೇ 9ರ ಬಡ್ಡಿಗೆ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು 62 ಸಾವಿರ ದಾಟುತ್ತದೆ. ಹಳೆಯ ಗಾಡಿಗೆ ಬೆಲ್ಟು, ವಾಷರ್, ನಾಲ್ಕು ಶಾಕ್ ಅಬ್ಸಾರ್ಬರ್, ಕ್ಲಚ್, ಹೊಸ ಟೈರು ಎಲ್ಲ ಸೇರಿಸಿ ಭಾಯ್ ಬರೆದುಕೊಟ್ಟ ಮೊತ್ತ ಅಂಥ ನಾಲ್ಕು ಕಂತಿಗಿಂತ ಕಡಿಮೆ ಇತ್ತು. ಹಳೆಯ ಗಾಡಿಗಳನ್ನು ಕೊಳ್ಳುವ ಮಳಿಗೆಯವರು ಬಂದು ನೋಡಿ ಆರು ಲಕ್ಷ ಎಂದರು. ಎಲೆಕ್ಟ್ರಿಕ್ ಕಾರಿನ ಮಾತೂ ಬಂತು. ಆದರೆ ಕರ್ನಾಟಕ 2024ರಿಂದ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೂ ಶೇ 10 ಜೀವಾವಧಿ ತೆರಿಗೆ ಹಾಕಿದೆ.

ತನ್ನ ಲೆಕ್ಕ ತನ್ನ ವಾದಕ್ಕೇ ಎದುರಾಗಿದ್ದನ್ನು ಮಗ ಮುಚ್ಚಿಡಲಿಲ್ಲ. ಕಾಗದವನ್ನು ಅಪ್ಪನ ಕೈಗೆ ಕೊಟ್ಟ.

ಹಣದ ಮಾತು ಅಲ್ಲಿಗೆ ಮುಗಿಯಿತು. ಹೊಗೆಯದು ಮುಗಿಯಲಿಲ್ಲ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳ ಉಬ್ಬಸ ನೋಡಿದ ಡಾಕ್ಟರಿಗೆ ಡೀಸೆಲ್ ಹೊಗೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ಮಾನದಂಡ ಬಂದ ಮೇಲಿನ ಡೀಸೆಲ್ ಗಾಡಿಗಳಲ್ಲಿ ಮಸಿಯ ಕಣವನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರು ಇದೆ. ದೊಡ್ಡ ಗಾಡಿಯಲ್ಲಿ ಇಲ್ಲ. ಶಾಲೆ ಬಿಡುವ ಹೊತ್ತಿನಲ್ಲಿ ಸರಸ್ವತಿಪುರಂನ ಅಡ್ಡರಸ್ತೆಗಳಲ್ಲಿ ಮಕ್ಕಳು ಸಾಲಾಗಿ ನಡೆಯುವಾಗ ತಮ್ಮ ಸೈಲೆನ್ಸರಿನ ಹೊಗೆ ಅವರ ಮುಖಕ್ಕೇ ಬರುತ್ತದೆ ಎನ್ನುವುದು ಡಾಕ್ಟರನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಗಾಡಿ ಮಾರಲು ಅವರಿಗೆ ಬಲವಾದ ಕಾರಣ ಸಿಕ್ಕಿದ್ದರೆ ಇದೊಂದೇ.

ಅವರು ಓದಿ ತಿಳಿದುಕೊಂಡ ಎರಡು ಸಂಗತಿಗಳು ಯೋಚನೆಯ ದಿಕ್ಕು ಬದಲಿಸಿದವು. ಡಿಪಿಎಫ್ ತನ್ನಲ್ಲಿ ತುಂಬಿದ ಮಸಿಯನ್ನು ಸುಟ್ಟುಕೊಳ್ಳಲು ಎಂಜಿನ್ ಚೆನ್ನಾಗಿ ಬಿಸಿಯಾಗಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ಕ್ಲಿನಿಕ್ಕಿಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಿಗೆ ಹೊಸ ಡೀಸೆಲ್ ಎಸ್‌ಯುವಿಯೂ ಸರಿಹೊಂದುವುದಿಲ್ಲ. ಫಿಲ್ಟರು ಕಟ್ಟಿಕೊಂಡು ದೀಪ ಹತ್ತುತ್ತದೆ. ಎರಡನೆಯದು, ಹಳೆಯ ಡೀಸೆಲ್ ಹೆಚ್ಚು ಕೊಳೆಯಾಗುವುದು ತಣ್ಣನೆಯ ಎಂಜಿನ್ನಿನಲ್ಲಿ, ನಿಂತು ಹೊರಡುವ ಪೇಟೆಯ ಓಟದಲ್ಲಿ. ಹಾಗಾದರೆ ಊರೊಳಗೆ ದೊಡ್ಡ ಗಾಡಿಯನ್ನೇ ಏಕೆ ತೆಗೆಯಬೇಕು? ಡಾಕ್ಟರ ಹೆಂಡತಿ ನಿವೃತ್ತಿಯಾದ ವರ್ಷ ಕೊಂಡ ಎಲೆಕ್ಟ್ರಿಕ್ ಸ್ಕೂಟರ್ ಪೋರ್ಟಿಕೋದಲ್ಲೇ ಇತ್ತು. 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುಮಾಡಿದ ಊರು ಇದು. ಇಲ್ಲಿಯ ರಸ್ತೆಗಳು ಇವತ್ತಿಗೂ ಸಣ್ಣ ಓಡಾಟಕ್ಕೆ ದೊಡ್ಡ ಗಾಡಿಯನ್ನು ಕೇಳುವುದಿಲ್ಲ.

ಎಮಿಷನ್ ತಪಾಸಣೆಯಲ್ಲೂ ಅವರು ತಮಗೊಂದು ಗೆರೆ ಎಳೆದುಕೊಂಡರು. ಡೀಸೆಲ್ ಹೊಗೆಯ ದಟ್ಟತೆಗೆ ಬಿಎಸ್-4ಕ್ಕಿಂತ ಹಳೆಯ ಗಾಡಿಗಳಿಗೆ 2.45ರವರೆಗೆ ಅವಕಾಶ, ಬಿಎಸ್-4 ಗಾಡಿಗೆ 1.62. ಕಾಗದ ಏನೇ ಹೇಳಲಿ, ತಮ್ಮ ಗಾಡಿ 1.62ರ ಒಳಗೇ ಇರಬೇಕು ಎಂದು ಭಾಯ್ ಅವರಿಗೆ ಹೇಳಿದರು. ಇಂಜೆಕ್ಟರ್‌ಗಳನ್ನು ಬಿಚ್ಚಿ ಬೆಂಚಿನ ಮೇಲೆ ಪರೀಕ್ಷಿಸಿ, ಏರ್ ಫಿಲ್ಟರ್ ಬದಲಾಯಿಸಿ, ಇಂಟೇಕಿನ ಮಸಿ ತೆಗೆದ ಮೇಲೆ ಬಂದ ಅಂಕಿ ಆ ಗೆರೆಯ ಬಹಳ ಕೆಳಗಿತ್ತು. ಆ ಚೀಟಿಯನ್ನು ಅವರು ಕ್ಲಿನಿಕ್ಕಿನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ.

ಮಗನ ಕೊನೆಯ ಮಾತು ಸುರಕ್ಷತೆಯದು. ದೊಡ್ಡ ಗಾಡಿಗೆ ಎಬಿಎಸ್ ಇದೆ, ಮುಂದೆ ಎರಡು ಏರ್‌ಬ್ಯಾಗ್ ಇವೆ. ಹೊಸದಕ್ಕೆ ಏಳು ಏರ್‌ಬ್ಯಾಗ್, ತಿರುವಿನಲ್ಲಿ ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ. ಹಿಂದಿನ ಸೀಟಿನಲ್ಲಿ ಕೂರುವವರು ಅವನ ಮಕ್ಕಳು. ಇದಕ್ಕೆ ಅಪ್ಪನ ಬಳಿ ವಾದ ಇರಲಿಲ್ಲ, ಇರಬೇಕಾಗಿಯೂ ಇಲ್ಲ. ಇಲ್ಲಿ ಮಗನೇ ಸರಿ. ನೂರು ಕಿಲೋಮೀಟರ್ ವೇಗದ ಹೆದ್ದಾರಿಯಲ್ಲಿ ಮೊಮ್ಮಕ್ಕಳು ಯಾವ ಗಾಡಿಯಲ್ಲಿ ಕೂರಬೇಕು ಎನ್ನುವಾಗ ಅಭಿಮಾನಕ್ಕೆ ಜಾಗವಿಲ್ಲ.

ಹೊಸ ಫಾರ್ಚೂನರ್ ಓಡಿಸಿ ನೋಡಲು ಇಬ್ಬರೂ ಒಟ್ಟಿಗೆ ಹೋದರು. ಹಳೆಯದರ 171 ಅಶ್ವಶಕ್ತಿಯ ಎದುರು ಇದರದ್ದು 204. ಎಳೆತದ ಬಲ 343ರ ಜಾಗದಲ್ಲಿ ಆಟೊಮ್ಯಾಟಿಕ್ಕಿನಲ್ಲಿ 500 ನ್ಯೂಟನ್ ಮೀಟರ್. ರಿಂಗ್ ರಸ್ತೆಯಲ್ಲಿ ಕಾಲು ಇಟ್ಟರೆ ಸಾಕು, ಎರಡು ಟನ್ನಿನ ಗಾಡಿ ಹಗುರಾಗಿ ಮುಂದೆ ನುಗ್ಗಿತು. ಕ್ಲಚ್ ತುಳಿಯುವ ಕೆಲಸವಿಲ್ಲ, ಎಡ ಮೊಣಕಾಲಿನ ನೋವಿಲ್ಲ. ಡಾಕ್ಟರು ಇಳಿದು ಬಂದು, ‘ಬಹಳ ಚೆನ್ನಾಗಿದೆ ಕಣೋ’ ಎಂದು ಮನಸಾರೆ ಹೇಳಿದರು. ಬೇಡ ಎಂದು ಹೇಳಲು ಅದರಲ್ಲಿ ಹುಳುಕು ಹುಡುಕುವ ಅಗತ್ಯ ಅವರಿಗೆ ಕಾಣಲಿಲ್ಲ.

ಮೈಸೂರಿನವರಿಗೆ ಹಳೆಯ ಗಾಡಿ ಬಿಡುವುದು ಕಷ್ಟ ಎನ್ನುವುದು ನಿಜ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿಗಳ ಸದ್ದು ಅಗ್ರಹಾರದ ಬೀದಿಗಳಲ್ಲಿ ಇವತ್ತಿಗೂ ಕೇಳುತ್ತದೆ. ತೇಜಸ್ವಿಯವರ ‘ಅಣ್ಣನ ನೆನಪು’ ಓದಿದವರಿಗೆ ಕುವೆಂಪು ಅವರ ಸ್ಟುಡಿಬೇಕರ್ ಕಾರು ಹೊಸದಲ್ಲ. ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳನ್ನು ಇಟ್ಟ ‘ಪಯಣ’ ವಸ್ತುಸಂಗ್ರಹಾಲಯವಿದೆ. ರಜೆಯಲ್ಲಿ ಡಾಕ್ಟರ ಮೊಮ್ಮಕ್ಕಳು ಅಲ್ಲಿಂದ ಹೊರಬರಲು ಒಪ್ಪಲಿಲ್ಲ. ಆದರೆ ವಸ್ತುಸಂಗ್ರಹಾಲಯದಲ್ಲಿ ಗಾಡಿಯನ್ನು ಒರೆಸಿ ಇಟ್ಟರೆ ಸಾಕು. ಮನೆಯ ಗಾಡಿ ಮಳೆಯಲ್ಲಿ ಬ್ರೇಕು ಹಿಡಿಯಬೇಕು, ಕಾಯಿಲೆಯವರನ್ನು ಹೊತ್ತು ಘಟ್ಟ ಹತ್ತಬೇಕು. ಅದಕ್ಕೆ ನೆನಪಿನ ಸಲುಗೆ ಕೊಡುವಂತಿಲ್ಲ.

ಅಕ್ಟೋಬರ್ 1ರಂದು ಆಯುಧ ಪೂಜೆ. ಅರಮನೆಯಲ್ಲಿ ಆನೆ, ಕುದುರೆ, ಹಸುಗಳ ಜೊತೆ ರಾಜಮನೆತನದ ಕಾರುಗಳಿಗೂ ಪೂಜೆಯಾಗುವ ದಿನ. ದೇವರಾಜ ಮಾರುಕಟ್ಟೆಯಿಂದ ಚೆಂಡುಹೂವಿನ ಮಾರು, ಬಾಳೆಕಂದು, ಬೂದುಗುಂಬಳಕಾಯಿ ಬಂದವು. ಮಗ ಸಂಸಾರ ಸಮೇತ ರೈಲಿನಲ್ಲಿ ಬಂದಿದ್ದ. ತೊಳೆದ ದೊಡ್ಡ ಗಾಡಿಗೆ ವಿಭೂತಿ ಬಳಿದು ಕುಂಕುಮ ಇಟ್ಟು, ಪಕ್ಕದಲ್ಲಿ ಸ್ಕೂಟರಿಗೂ ಹೂ ಮುಡಿಸಿದರು. ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿಯನ್ನು ಒಂದಷ್ಟು ಮುಂದೆ ಓಡಿಸಿದವಳು ಹಿರಿಯ ಮೊಮ್ಮಗಳ ಅಮ್ಮ, ಸೊಸೆ. ಅವಳು ಅದುವರೆಗೆ ಈ ಮಾತುಕತೆಯಲ್ಲಿ ಬಾಯಿ ಹಾಕಿರಲಿಲ್ಲ.

ಕಡಲೆಪುರಿ ಹಂಚುವಾಗ ಅವಳೇ ಕೇಳಿದಳು: ‘ಮಾವ, ನಾವು ಬೆಂಗಳೂರಿಗೆ ಹೋಗಿ ಬರೋದು ರೈಲಲ್ಲೇ ಅಲ್ವಾ? ಶತಾಬ್ದಿ ಇದೆ, ವಂದೇ ಭಾರತ್ ಇದೆ. ಮಕ್ಕಳು ಹೆದ್ದಾರೀಲಿ ಈ ಗಾಡೀಲಿ ಕೂರೋದೇ ಬೇಡ. ಸೋಮವಾರಪೇಟೆಗೆ ಹೋಗೋವಾಗ ಹಗಲಲ್ಲಿ, ನಿಧಾನಕ್ಕೆ, ಎಲ್ಲರೂ ಬೆಲ್ಟ್ ಹಾಕಿ. ಮೂರನೇ ಸಾಲಲ್ಲಿ ಯಾರೂ ಬೇಡ. ಹಾಗಾದ್ರೆ ಇಟ್ಕೊಳ್ಳಿ.’

ಅಷ್ಟು ದಿನದಲ್ಲಿ ಯಾರೂ ಇಷ್ಟು ನೇರವಾಗಿ ಹೇಳಿರಲಿಲ್ಲ. 2022ರ ನವೆಂಬರ್‌ನಲ್ಲಿ ದಕ್ಷಿಣ ಭಾರತದ ಮೊದಲ ವಂದೇ ಭಾರತ್ ರೈಲು ಓಡಿದ್ದು ಮೈಸೂರು–ಚೆನ್ನೈ ನಡುವೆ. ಬೆಂಗಳೂರಿಗೆ ದಿನಕ್ಕೆ ಎಷ್ಟೋ ರೈಲುಗಳಿವೆ. ಮನೆಯ ಗಾಡಿಗೆ ಅತಿ ಅಪಾಯವಿದ್ದ ದಾರಿಯನ್ನೇ ಸೊಸೆ ತೆಗೆದುಹಾಕಿದ್ದಳು. ಮಗ ಒಂದು ಕ್ಷಣ ಹೆಂಡತಿಯ ಮುಖ ನೋಡಿ, ‘ಸರಿ’ ಎಂದ.

ನವೆಂಬರ್‌ಗೆ ಮೊದಲೇ ಕಾಗದ ಕೆಲಸ ಶುರುವಾಯಿತು. ನಮೂನೆ 25, ವಿಮೆ, ಎಮಿಷನ್ ಚೀಟಿ, ಪೆನ್ಸಿಲಿನಿಂದ ಉಜ್ಜಿ ತೆಗೆದ ಚಾಸಿ ನಂಬರಿನ ಅಚ್ಚು. 2019ರ ಏಪ್ರಿಲ್‌ಗಿಂತ ಹಳೆಯ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ನಂಬರ್ ಫಲಕ ಕಡ್ಡಾಯ ಎಂದು ರಾಜ್ಯ ಸರ್ಕಾರ 2023ರಲ್ಲಿ ಆದೇಶಿಸಿದಾಗಲೇ ಹಾಕಿಸಿದ್ದರಿಂದ ಆ ಕೆಲಸ ಉಳಿದಿರಲಿಲ್ಲ. ಒಂದೂವರೆ ಲೀಟರ್ ಮೀರಿದ ಎಂಜಿನ್ನಿನ ಕಾರಿಗೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 7,897 ರೂಪಾಯಿ. ಗಾಡಿ ಹಳೆಯದಾದರೂ ಅದು ಕಡಿಮೆಯಾಗುವುದಿಲ್ಲ. ತಪಾಸಣೆಯ ದಿನ ಇನ್‌ಸ್ಪೆಕ್ಟರು ಕೆಳಗೆ ಬಗ್ಗಿ ಚಾಸಿ ನೋಡಿದರು, ದೀಪ, ಹಾರ್ನ್, ವೈಪರ್, ಕೈಬ್ರೇಕ್ ನೋಡಿದರು, ಒಂದು ಸುತ್ತು ಓಡಿಸಿದರು. ಹೊಸ ಆರ್‌ಸಿಯಲ್ಲಿ 2030ರ ನವೆಂಬರ್‌ವರೆಗೆ ಎಂದು ಬಂತು.

ಗಾಡಿಯ ಕಡತದ ಮೇಲೆ ಡಾಕ್ಟರು ಮೂರು ಷರತ್ತು ಬರೆದಿಟ್ಟಿದ್ದಾರೆ. ಹೊಗೆಯ ಅಂಕಿ 1.62 ದಾಟಿ, ರಿಪೇರಿಯ ಮೇಲೂ ಇಳಿಯದಿದ್ದರೆ ಗಾಡಿ ಗುಜರಿಗೆ. ಚಾಸಿಯಲ್ಲಿ ತುಕ್ಕು ತೂತು ಮಾಡಿದರೆ ಗುಜರಿಗೆ. ಮೂರನೆಯದು ಭಾಯ್ ಅವರದು. ಅವರಿಗೂ ಅರವತ್ತರ ಹತ್ತಿರ. ಅವರ ಕೈ ನಿಂತರೆ ಬೇರೆಯವರ ಕೈಗೆ ಕೊಟ್ಟು ಪ್ರಯೋಗ ಮಾಡುವುದಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಭಾಯ್ ಇದನ್ನು ಒಪ್ಪುವುದಿಲ್ಲ. ಡಿಪ್ಲೊಮಾ ಮುಗಿಸಿದ ಅವರ ಮಗ ಈಗ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಿಡಿದಿದ್ದಾನೆ. ಈಚೆಗೆ ದೊಡ್ಡ ಗಾಡಿಯ ಟೈಮಿಂಗ್ ಬೆಲ್ಟ್ ಕೂರಿಸಿದ್ದು ಅವನೇ, ಅಪ್ಪ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದರು. ಸಂಕ್ರಾಂತಿ ಕಳೆದ ಮೇಲೆ ಕೂಲಂಟ್ ಪೈಪುಗಳು, ಹಿಂದಿನ ಸಸ್ಪೆನ್ಷನ್ನಿನ ಬುಷ್‌ಗಳು. ಡಾಕ್ಟರು ದಿನ ಗೊತ್ತುಮಾಡಿಕೊಂಡು ಬಂದಿದ್ದಾರೆ.